ಸಾಲದೇ ಹೋದ ಅರವತ್ತನಾಲ್ಕು ಬಿಟ್

“ಒಂದು ಕಪ್ ಕಾಫಿಗೆ ಹಂಡೆ ಬೇಕಾ, ಮೇಡಂ?”

ವೀಕ್ಷಣಾಲಯದ ಮೀಟಿಂಗಿನಲ್ಲಿ ಪ್ರೋಗ್ರಾಮ್ ಬರೆಯುವ ಹುಡುಗ ಹಾಗೆಂದದ್ದೇ ತಡ, ಎಲ್ಲರೂ ಗೊಳ್ಳೆಂದು ನಕ್ಕರು. ಹೊಸದಾಗಿ ಸೇರಿದ್ದ ಗಣಿತದ ಹುಡುಗಿ ಮಾತ್ರ ನಗಲಿಲ್ಲ. ಟೆಲಿಸ್ಕೋಪ್ ತಿರುಗಿಸುವ ಪ್ರೋಗ್ರಾಮಿಗೆ ಇನ್ನೂ ದೊಡ್ಡ ಸಂಖ್ಯೆ ಹಿಡಿಯುವ ನೂರ ಇಪ್ಪತ್ತೆಂಟು ಬಿಟ್‌ನ ಇಂಟಿಜರ್ ಹಾಕೋಣ ಎಂದಷ್ಟೇ ಅವಳು ಹೇಳಿದ್ದು. “ಕೊನೇ ಉತ್ತರ ಚಿಕ್ಕದೇ. ಆದ್ರೆ ಮಧ್ಯದಲ್ಲಿ ಬರೋ ಗುಣಾಕಾರ ಅರವತ್ತನಾಲ್ಕು ಬಿಟ್‌ನಲ್ಲಿ ಹಿಡಿಯಲ್ಲ.”

ಅವಳು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಹಾಕಿದಳು. ಒಮ್ಮೆಯಾದರೂ ಅವಳು ತನ್ನತ್ತ ನೋಡಲಿ ಎಂಬ ಆಸೆಗೆ ಅವನು ಆಡಿದ ಮಾತದು. ಆದರೂ ಹಟ ಬಿಡದೆ ಅರವತ್ತನಾಲ್ಕರಲ್ಲೇ ಬರೆದ. ಬರೆದದ್ದರಲ್ಲಿ ತಪ್ಪು ಹುಡುಕುವ ಕಂಪೈಲರ್ ಕೂಡ ತುಟಿ ಪಿಟಕ್ಕೆನ್ನದೆ ಒಪ್ಪಿತು.

ಧೂಮಕೇತು ನೋಡಲು ಅತಿಥಿಗಳು ಬಂದ ಸಂಜೆ ಮರ್ಯಾದೆ ಹೋಯಿತು. ಗುಣಾಕಾರ ತುಂಬಿ ತುಳುಕಿ, ಉತ್ತರ ಮೈನಸ್ಸಾಗಿ, ಟೆಲಿಸ್ಕೋಪ್ ಗರ್ರನೆ ತಿರುಗಿ ನೆಲ ನೋಡುತ್ತ ನಿಂತುಬಿಟ್ಟಿತು.

“ಯಾರು ಬರೆದದ್ದಿದು?” ಡೈರೆಕ್ಟರ್ ಗುಡುಗಿದರು.

ಅವನು ಅತಿಥಿಗಳ ಹಿಂದೆ ಸರಿದ. ಅವಳೇ ಮುಂದೆ ಬಂದಳು. “ಸರಿ ಮಾಡ್ತೀವಿ ಸರ್, ಸ್ವಲ್ಪ ಟೈಮ್ ಕೊಡಿ.” ಬೈಗುಳವೆಲ್ಲ ಅವಳ ಪಾಲಾಯಿತು.

ಟೆಲಿಸ್ಕೋಪ್ ನೋಡಿಕೊಳ್ಳುವ ಹಿರಿಯರನ್ನು ಎಲ್ಲರೂ ಮಾವ ಎನ್ನುತ್ತಿದ್ದರು. ಅವರು ಅವನ ಪಕ್ಕ ಹಾದುಹೋಗುತ್ತ ಅಂದರು: “ಚೆನ್ನಾಗಿ ಮಾತಾಡ್ತೀಯಲ್ಲಪ್ಪ ನೀನು, ಬೇಡದಾಗ.”

ಅವನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅತಿಥಿಗಳ ಎದುರಿಗೇ ಅವನು ಡೈರೆಕ್ಟರ್ ಮುಂದೆ ಹೋಗಿ ನಿಂತ.

“ಸರ್, ಬರೆದದ್ದು ನಾನು. ಇವರು ಮೊದ್ಲೇ ಹೇಳಿದ್ರು. ನಾನೇ ಗೇಲಿ ಮಾಡಿದೆ.”

ಆಮೇಲೆ ಅವಳ ಮೇಜಿನ ಬಳಿ ಹೋದಾಗ ಅವಳಾಗಲೇ ಅವನು ಬರೆದ ಪ್ರೋಗ್ರಾಮಿನ ಸಾಲನ್ನು ತಿದ್ದುತ್ತಿದ್ದಳು.

“ನನ್ನ ಮೇಲೆ ಏನ್ರೀ ಸಿಟ್ಟು ನಿಮಗೆ?” ಪರದೆಯಿಂದ ಕಣ್ಣು ಕೀಳದೆ ಕೇಳಿದಳು.

“ಸಿಟ್ಟಲ್ಲ... ನೀವು ನನ್ನ ಕಡೆ ನೋಡ್ಲಿ ಅಂತ.”

“ಅದಕ್ಕೆ ಆಫೀಸನ್ನೆಲ್ಲ ನಗಿಸ್ಬೇಕಿತ್ತಾ?”

“ತಪ್ಪಾಯ್ತು. ನೀವಂದ್ರೆ ನನಗಿಷ್ಟ. ಅದನ್ನ ಹೇಳೋಕೆ ಧೈರ್ಯ ಇರ್ಲಿಲ್ಲ, ಹಂಗಿಸೋಕೆ ಮಾತ್ರ ಇತ್ತು.”

ಕೀಬೋರ್ಡಿನ ಮೇಲೆ ಅವಳ ಬೆರಳುಗಳು ನಿಂತವು. ಕಣ್ಣಂಚು ಒದ್ದೆಯಾಗಿತ್ತು.

“ಆ ಮೀಟಿಂಗ್ ದಿನ ಮನೆಗೆ ಹೋಗಿ ಅತ್ತುಬಿಟ್ಟೆ ನಾನು. ಬೇರೆ ಯಾರು ಅಂದಿದ್ರೂ ಅಳ್ತಿರ್ಲಿಲ್ಲ.”

ಆ ಮಾತಿನ ಅರ್ಥ ಇಳಿಯಲು ಅವನಿಗೆ ಒಂದು ಗಳಿಗೆ ಹಿಡಿಯಿತು. ಇಳಿದ ಮೇಲೆ ತಲೆ ಎತ್ತುವುದು ಇನ್ನೂ ಕಷ್ಟವಾಯಿತು.

ಅವಳು ಪಕ್ಕದ ಕುರ್ಚಿಯನ್ನು ಕಾಲಿನಿಂದಲೇ ಅವನತ್ತ ತಳ್ಳಿದಳು.

“ಈಗ್ಲೇ ಕ್ಷಮಿಸಲ್ಲ,” ಅಂದಳು. “ಆದ್ರೆ ಹೋಗ್ಬೇಡಿ, ಕೂತ್ಕೊಳ್ಳಿ.”