ರಾಯಪ್ಪನ ಕಣ್ಣೀರು

ಅಳುಕುನೀಗಿ ಯಂತ್ರದ ಎರಡು ಬಿಲ್ಲೆಗಳು ಚೌರಪ್ಪನ ಕಿವಿಗಳ ಹಿಂದೆ ಎರಡು ನಿಮಿಷ ಗುಂಯ್‌ಗುಟ್ಟಿ ಸುಮ್ಮನಾದವು.

"ಈಗ ಆ ಹಳೆಯ ಸಂಗತಿ ನೆನಪು ಮಾಡಿಕೊಳ್ಳಿ," ಎಂದಳು ಯಂತ್ರ ಕಂಡುಹಿಡಿದ ಡಾ. ಬಿಬಿಯಾನಾ.

ಮಾಡಿಕೊಂಡ. ಇಪ್ಪತ್ತು ವರ್ಷದ ಹಿಂದೆ ಕಲ್ಲುಕ್ವಾರಿ ನಿಲ್ಲಿಸಲು ಊರವರೆಲ್ಲ ರಸ್ತೆಗೆ ಅಡ್ಡ ಮಲಗಿದ್ದರು. ಠಾಣೆಯಲ್ಲಿ ಪೊಲೀಸರು ಗೆಳೆಯ ಇನ್ನಾಸಪ್ಪನನ್ನು ತೋರಿಸಿ ಕೇಳಿದಾಗ ಚೌರಪ್ಪ ಹೆದರಿ, "ಇವನ್ಯಾರೋ ಗೊತ್ತಿಲ್ಲ" ಎಂದಿದ್ದ. ಇನ್ನಾಸಪ್ಪ ಒಬ್ಬನೇ ಮೂರು ತಿಂಗಳು ಜೈಲಿನಲ್ಲಿದ್ದ. ಎಲ್ಲವೂ ನೆನಪಿತ್ತು. ಎದೆಯ ಇರಿತ ಮಾತ್ರ ಇರಲಿಲ್ಲ.

ಮೆದುಳಿನಲ್ಲಿ ನೆನಪಿಗೂ ನೋವಿಗೂ ನಡುವೆ ಒಂದು ಕೊರಗುತಂತು ಇದೆ. ಯಂತ್ರ ಅದನ್ನು ಮಲಗಿಸುತ್ತದೆ. ಆ ಹೊತ್ತಿಗೆ ರಾಜ್ಯದ ಅರ್ಧಕ್ಕರ್ಧ ಜನ ಹೀಗೆ ಹಗುರಾಗಿದ್ದರು. ಕ್ರೈಸ್ತ ದೇವಾಲಯಗಳಲ್ಲಿ ಗುರುಗಳಿಗೆ ತಪ್ಪು ಹೇಳಿಕೊಳ್ಳುವ ಪಾಪನಿವೇದನೆಯ ಪೀಠಗಳಲ್ಲಿ ಜೇಡ ಬಲೆ ಕಟ್ಟಿತ್ತು.

ಕಲ್ಲುಮಂಟಿ ಊರಿಗೆ ಒಂದು ಹೆಮ್ಮೆಯಿತ್ತು. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದ ಕೊನೆಗೆ ಪ್ರತಿ ವರ್ಷ ಅಲ್ಲಿ ಯೇಸುಸ್ವಾಮಿಯ ಮಹಿಮೆಯ ನಾಟಕ ನಡೆಯುತ್ತಿತ್ತು. ಇನ್ನಾಸಪ್ಪ ಯೇಸುವಾದರೆ ಚೌರಪ್ಪ ಸಂತ ಪೇತ್ರ; ಊರವರ ಬಾಯಲ್ಲಿ ರಾಯಪ್ಪ. ಠಾಣೆಯ ಆ ದಿನದಿಂದ ಇಬ್ಬರೂ ನಾಟಕದ ಮಾತು ಬಿಟ್ಟು ಬೇರೊಂದು ಮಾತಾಡಿರಲಿಲ್ಲ. ಗುರುವನ್ನು ಅರಿಯೆನೆಂದ ರಾಯಪ್ಪ ಕೋಳಿ ಕೂಗಿದೊಡನೆ ಬಿಕ್ಕಿ ಬಿಕ್ಕಿ ಅಳುವುದನ್ನು ನೋಡಲು ಹತ್ತೂರಿನ ಜನ ಬರುತ್ತಿದ್ದರು.

ಈ ಸಲ ತಾಲೀಮಿನಲ್ಲಿ ಕೋಳಿ ಕೂಗಿತು. ಚೌರಪ್ಪನ ಕಣ್ಣು ಒಣಗಿದ ಕೆರೆ.

"ಈರುಳ್ಳಿ ತರಲೇನಣ್ಣ?" ಎಂದು ಹಾರ್ಮೋನಿಯಂ ಮೇಷ್ಟ್ರು ಕಿಚಾಯಿಸಿದರು.

ಚೌರಪ್ಪ ಉರಿದುಕೊಂಡು ಪಟ್ಟಣಕ್ಕೆ ಓಡಿದ. "ಡಾಕ್ಟರಮ್ಮ, ನನ್ನ ನೋವು ವಾಪಸ್ ಕೊಡಿ!"

"ಮಲಗಿದ ತಂತು ಏಳೋದಿಲ್ಲ, ಚೌರಪ್ಪನವರೇ. ನೋವು ಬೇಕು ಅಂತ ಬಂದವರಲ್ಲಿ ನೀವೇ ಮೊದಲಿಗರು."

"ಓದಿದವರಿಗೆ ಇಷ್ಟೂ ತಿಳಿಯದೇ? ಅದು ನೋವಲ್ಲ ತಾಯಿ, ನನ್ನ ಪಾತ್ರ!"

ಅಲ್ಲಿಂದ ನೆಟ್ಟಗೆ ದೇವಾಲಯಕ್ಕೆ ಬಂದ. ವರ್ಷಕ್ಕೊಮ್ಮೆ ರಾಯಪ್ಪನ ನಿಲುವಂಗಿ ತೊಟ್ಟವನೇ ಹೊರತು ಇಪ್ಪತ್ತು ವರ್ಷದಿಂದ ಅವನು ಪಾಪನಿವೇದನೆಗೆ ಮೊಣಕಾಲೂರಿರಲಿಲ್ಲ. ಜೇಡರ ಬಲೆ ಸರಿಸಿ ಊರಿದ.

"ಸ್ವಾಮಿ, ನನಗೆ ಒಂಚೂರೂ ನೋವಿಲ್ಲ. ಆದರೂ ಮಾಡಿದ್ದು ತಪ್ಪು. ಹೇಳಿಕೊಳ್ಳೋಕೆ ಬಂದಿದೀನಿ."

ಠಾಣೆಯ ಸಂಗತಿಯನ್ನೆಲ್ಲ ಕೇಳಿ ಮುದಿ ಗುರುಗಳು ಅವನತ್ತ ಬಾಗಿದರು. "ನೋವು ತಳ್ಳಿದ್ದಕ್ಕೆ ಬಂದವರನ್ನ ಬೇಕಾದಷ್ಟು ನೋಡಿದೀನಿ ಮಗನೇ. ತಾನಾಗಿ ನಡೆದು ಬಂದವನು ನೀನು. ಇದನ್ನೇ ಇನ್ನಾಸಪ್ಪನಿಗೂ ಹೇಳು. ಅದೇ ನಿನ್ನ ಪ್ರಾಯಶ್ಚಿತ್ತ."

ನಾಟಕದ ಸಂಜೆ ಇನ್ನಾಸಪ್ಪ ಬಣ್ಣದ ಕೋಣೆಯಲ್ಲಿ ಗಡ್ಡ ಅಂಟಿಸಿಕೊಳ್ಳುತ್ತಿದ್ದಾಗ ಚೌರಪ್ಪ ಒಳಬಂದು ಠಾಣೆಯ ಮಾತೆತ್ತಿದ.

"ಕ್ಷಮೆ ಕೇಳೋಕೆ ಬಂದೆಯೋ, ಅಳು ಬರಿಸಿಕೊಳ್ಳೋಕೋ?"

"ಅಳು ಬರಲ್ಲ ಕಣೋ, ಯಂತ್ರ ನುಂಗಿಬಿಡ್ತು. ಠಾಣೆಲಿ ನಾನು ಹೇಳಿದ್ದು ಸುಳ್ಳು. ನೀನು ನನ್ನ ಗೆಳೆಯ. ಇಷ್ಟೇ."

ಇನ್ನಾಸಪ್ಪ ಕನ್ನಡಿಯಿಂದ ಮುಖ ತಿರುಗಿಸಲಿಲ್ಲ. "ಹೋಗು, ಬಣ್ಣ ಹಚ್ಚಿಕೋ."

ರಂಗದ ಮೇಲೆ ಕೋಳಿ ಕೂಗಿತು. ಸಂಕೋಲೆ ತೊಟ್ಟ ಯೇಸು ತಿರುಗಿ ರಾಯಪ್ಪನನ್ನು ನೋಡಬೇಕು, ನೋಡಿದ. ನೋಡುತ್ತ ನೋಡುತ್ತ ಇನ್ನಾಸಪ್ಪನ ಅಂಟಿಸಿದ ಗಡ್ಡವೆಲ್ಲ ತೊಯ್ದುಹೋಯಿತು. ನಾಟಕದಲ್ಲಿ ಹಾಗಿರಲಿಲ್ಲ. ಒಣಗಣ್ಣಿನ ರಾಯಪ್ಪ ಹತ್ತಿರ ಬಂದು ನಿಲುವಂಗಿಯ ಚುಂಗಿನಿಂದ ಗೆಳೆಯನ ಕಣ್ಣೊರೆಸಿದ. ಹತ್ತೂರಿನ ಜನ ಗೊಳೋ ಎಂದು ಅತ್ತರು. ಚೌರಪ್ಪ ಎದೆಯೆತ್ತಿ ನಿಂತಿದ್ದ.

ಮುಂದಿನ ಭಾನುವಾರ ಪಾಪನಿವೇದನೆಯ ಸಾಲು ದೇವಾಲಯದ ಬಾಗಿಲು ದಾಟಿತ್ತು; ಕೊನೆಯಲ್ಲಿ ಇನ್ನಾಸಪ್ಪ ನಿಂತಿದ್ದ. ಬಹಳ ಮಂದಿಯ ಕಿವಿಯ ಹಿಂದೆ ಬಿಲ್ಲೆಯ ಕಲೆ. ಸುದ್ದಿ ಕೇಳಿ ಕಾರಿನಲ್ಲಿ ಬಂದ ಬಿಬಿಯಾನಾ ಬೆರಗಾದಳು. ಮಗುವಾಗಿದ್ದಾಗಿನ ನಾಮಕರಣದ ದಿನ ಬಿಟ್ಟರೆ ಅವಳೂ ದೇವಾಲಯ ಕಂಡವಳಲ್ಲ.

"ಇವರಿಗೆಲ್ಲ ನೋವೇ ಇಲ್ಲ. ಮತ್ತೆ ಯಾಕೆ ಬಂದಿದಾರೆ?" ಎಂದು ಬಾಗಿಲಲ್ಲಿದ್ದ ಚೌರಪ್ಪನನ್ನು ಕೇಳಿದಳು.

"ನೋವಿಗೆ ನೀವು ಮದ್ದು ಕೊಟ್ರಿ ಡಾಕ್ಟರಮ್ಮ. ಜೈಲಿಗೆ ಹೋದ ಇನ್ನಾಸಿಗೆ ಏನು ಕೊಟ್ರಿ?"

ಅವಳು ಸಾಲಿನ ಕೊನೆಯತ್ತ ನೋಡಿದಳು.

"ನಿಂತುಕೊಳ್ಳೋದಾದ್ರೆ ಇನ್ನಾಸಿ ಹಿಂದೆ ಜಾಗ ಇದೆ," ಎಂದ ಚೌರಪ್ಪ. "ಚಪ್ಪಲಿ ಹೊರಗೆ."

ಬಿಬಿಯಾನಾ ಬಗ್ಗಿ ಚಪ್ಪಲಿಯ ಪಟ್ಟಿ ಬಿಚ್ಚತೊಡಗಿದಳು.