ಮೂರನೇ ಸಾಲಿನ ಕಾಮಕಸ್ತೂರಿ

ಓಝರ್‌ನ ವಿಮಾನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಅಪ್ಪ ಅಮ್ಮನೊಂದಿಗೆ ಹತ್ತು ದಿನ ಇದ್ದು ಸಂಭಾಜಿನಗರಕ್ಕೆ ಮರಳಿದ ಮಧುರಾ, ಕಾಲೇಜಿನ ಹಸಿರುಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಮೂರನೇ ಸಾಲಿನ ಕಾಮಕಸ್ತೂರಿ ನಳನಳಿಸುತ್ತಿತ್ತು. ನಳನಳಿಸಬಾರದಿತ್ತು.

ಉಪ್ಪುನೀರು ಕುಡಿದ ಗಿಡದ ಎಣ್ಣೆ ಏನಾಗುತ್ತದೆ ಎಂಬುದೇ ಅವಳ ಪಿಎಚ್‌ಡಿ. ಮೊದಲ ಸಾಲಿಗೆ ಸಿಹಿನೀರು, ಎರಡನೆಯದಕ್ಕೆ ತುಸು ಉಪ್ಪು, ಮೂರನೆಯದಕ್ಕೆ ಹೆಚ್ಚು ಉಪ್ಪು. ನೀರು ಹಾಕುವ ಹೊಣೆಯನ್ನು ಲ್ಯಾಬಿನಲ್ಲಿ ಎಣ್ಣೆ ಇಳಿಸುವ ಭಾಲ್ಕಿಯ ಶಿವಕಾಂತನಿಗೆ ಒಪ್ಪಿಸಿ ಹೋಗಿದ್ದಳು. ಅವನ ನಗುವನ್ನು ಕದ್ದು ನೋಡುವ ಚಟ ಇತ್ತೀಚೆಗೆ ಅವಳಿಗೆ ಅಂಟಿತ್ತು, ಅದು ಬೇರೆ ಮಾತು.

ಅವನು ಸುಳ್ಳು ಹೇಳಲಿಲ್ಲ.

"ಎಲಿ ಅಂಚೆಲ್ಲ ಸುಟ್ಟಂಗ ಆಗಿತ್ರಿ. ನೋಡ್ಲಾಕ ಆಗ್ಲಿಲ್ಲ. ಸಿಹಿನೀರು ಹಾಕ್ದೆ."

ಮಧುರಾಳಿಗೆ ಮೂಗಿನ ತುದಿಯಲ್ಲೇ ಕೋಪ. ಅವನಿಗೆ ಮುಖ ಕೊಟ್ಟು ಮಾತಾಡಲಿಲ್ಲ. ನಾಸಿಕ್‌ನ ಸೆಮಿನಾರಿಗೆ ಉಳಿದದ್ದು ಎರಡೇ ವಾರ. ಮೂರನೇ ಸಾಲಿನ ಸಂಗತಿ ಮುಚ್ಚಿಟ್ಟುಬಿಡು, ಯಾರಿಗೂ ಗೊತ್ತಾಗದು ಎಂದು ಜೊತೆಯವರು ಹೇಳಿದರು. ಶಿವಕಾಂತ ಮಾತ್ರ ಯಾವ ದಿನ ಎಷ್ಟು ಸಿಹಿನೀರು ಹಾಕಿದೆನೆಂದು ಬರೆದು, ಸಹಿ ಮಾಡಿ, ಅವಳ ಮೇಜಿನ ಮೇಲಿಟ್ಟ. ಆ ಸಹಿ ನೋಡಿದ ಮೇಲೆ ಅವಳ ಕೋಪ ಅರ್ಧ ಇಳಿಯಿತು.

ಉಳಿದರ್ಧ ಇಳಿದದ್ದು ಎರಡನೇ ಸಾಲನ್ನು ಇಬ್ಬರೂ ಕೂಡಿ ಬಟ್ಟಿ ಇಳಿಸಿದ ಮಧ್ಯಾಹ್ನ. ಗಿಡಗಳೇನೋ ಗಿಡ್ಡ, ಎಲೆಗಳೂ ಸಣ್ಣ. ಆದರೆ ಅಷ್ಟೇ ತೂಕದ ಎಲೆಗೆ ಮೊದಲ ಸಾಲಿಗಿಂತ ಹೆಚ್ಚು ಎಣ್ಣೆ ಗಾಜಿನ ನಳಿಗೆಯಲ್ಲಿ ತೇಲಿ ನಿಂತಿತ್ತು. ಇಬ್ಬರೂ ಒಟ್ಟಿಗೆ ಬಾಗಿ ನೋಡಿದರು. ಹಣೆಗೆ ಹಣೆ ತಾಗಿತು. ಯಾರೂ ಹಿಂದೆ ಸರಿಯಲಿಲ್ಲ.

ಸೆಮಿನಾರಿನಲ್ಲಿ ಅವಳು ತಲೆ ಎತ್ತಿ ಎಲ್ಲವನ್ನೂ ಹೇಳಿದಳು. ಮೂರನೇ ಸಾಲು ಕೆಟ್ಟಿದೆ, ಮತ್ತೆ ಬೆಳೆಸಬೇಕು ಎಂಬುದನ್ನೂ. ಹತ್ತಿರದ ಓಝರ್‌ನಿಂದ ಬಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದ ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಈ ಸಲ ನೀರು ಹಾಕುವವರು ಯಾರು ಎಂದು ಹಿರಿಯ ಪ್ರೊಫೆಸರೊಬ್ಬರು ಕೇಳಿದಾಗ ಸಭೆಯೆಲ್ಲ ನಕ್ಕಿತು. ಅವಳು ಕೊನೆಯಲ್ಲಿ ಕೂತಿದ್ದ ಶಿವಕಾಂತನನ್ನೇ ತೋರಿಸಿದಳು.

ಹೊರಗೆ ಬಂದಾಗಲೂ ಅವನ ಕಿವಿ ಕೆಂಪಾಗಿತ್ತು. ಮತ್ತೆ ಆ ಗಿಡಗಳಿಗೆ ಉಪ್ಪುನೀರು ಹಾಕಲು ತನಗೆ ಕೈ ಬರುವುದಿಲ್ಲ ಎಂದ.

"ನಾ ಬಾಜೂಕ ಇರ್ತೀನಿ," ಎಂದಳು ಮಧುರಾ. "ನಿನ್ನೆ ಅಪ್ಪಗ ಹೇಳೀನಿ. ಸುಟ್ಟ ಎಲಿ ನೋಡಿ ತಡ್ಕೊಳ್ಳಲಾರದವ್ರನ್ನ, ತಪ್ಪು ಮಾಡಿ ಸಹಿ ಹಾಕಿದವ್ರನ್ನ ನಾ ಮದುವಿ ಆಗ್ತೀನಿ ಅಂತ. ನೀವು ಹೂಂ ಅಂದ್ರ."

ಅವನು ಹೂಂ ಅಂದ. ಅಪ್ಪ ಏನಂದರು ಎಂದು ಕೇಳಲು ಹೊರಟ. ಕೇಳಬೇಕಾಗಿ ಬರಲಿಲ್ಲ. ಅವಳ ಅಪ್ಪ ಮೂರು ಕಪ್ ಚಹಾ ಹಿಡಿದು, ಚೆಲ್ಲದಂತೆ ನಿಧಾನವಾಗಿ, ಅವರತ್ತಲೇ ಬರುತ್ತಿದ್ದರು.