ಏಳನೇ ಲೈನಿನ ಮೊದಲ ಹೆಜ್ಜೆ

"ಒಳಗೆ ಬರೋದಿಲ್ವಾ? ಹಾಗಾದ್ರೆ ಇಲ್ಲೀತನಕ ಬಂದಿದ್ದಾದ್ರೂ ಯಾಕೆ?"

ಲುವಾ ಕೂಗಿದ ರಭಸಕ್ಕೆ ಕಾರ್ಖಾನೆ ಗೇಟಿನ ಪಕ್ಕದ ಕಬ್ಬಿನಹಾಲಿನ ಗಾಡಿಯವಳೇ ಬೆಚ್ಚಿಬಿದ್ದಳು! ಗಾಡಿಯ ಮರೆಯಲ್ಲಿ ನಿಂತಿದ್ದ ಖಿಯೆಮ್ ಮಾತ್ರ ತಲೆ ಎತ್ತಲಿಲ್ಲ.

ಹೊಸವರ್ಷದ ತೆತ್ ಹಬ್ಬ ಮುಗಿಸಿ ಬಿನ್ ಜುವಾಂಗಿನ ಶೂ ಕಾರ್ಖಾನೆ ಮತ್ತೆ ಶುರುವಾಗುವ ಬೆಳಗ್ಗೆ ಅದು. ಕೊರೊನಾ ಬಂದುಹೋದ ಮೇಲೆ, ಹಬ್ಬಕ್ಕೆ ಊರಿಗೆ ಹೋದವರು ವಾಪಸ್ ಬರುತ್ತಾರೆಂಬ ನಂಬಿಕೆಯೇ ಹೊರಟುಹೋಗಿತ್ತು. ಲಾಕ್‌ಡೌನಿನಲ್ಲಿ ಮೆಷಿನ್ ಪಕ್ಕದಲ್ಲೇ ಉಂಡು, ಅಲ್ಲೇ ಮಲಗಿ ದುಡಿದವರಿಗೆ ಆ ಗೇಟು ಕಂಡರೇ ಸಾಕುಸಾಕಾಗುತ್ತಿತ್ತು, ಪಾಪ!

ಶೂ ತಯಾರಿಸುವ ಉಳಿದೆಲ್ಲ ಲೈನುಗಳೂ ಅರ್ಧ ಖಾಲಿ. ಲುವಾ ಲೀಡರ್ ಆಗಿದ್ದ ಏಳನೇ ಲೈನಿನಲ್ಲಿ ಮಾತ್ರ ನಲವತ್ತಕ್ಕೆ ಮೂವತ್ತೊಂಬತ್ತು ಜನ ಗೇಟಿನ ಮುಂದೆ ಹಾಜರ್! ಶೌಚಕ್ಕೆ ಹೋಗಲೂ ಚೀಟಿ ಕೇಳಬೇಕಿದ್ದ ಪದ್ಧತಿಯನ್ನು ಮ್ಯಾನೇಜರ್ ಜೊತೆ ಜಗಳವಾಡಿ ತೆಗೆಸಿದ್ದವಳು ಅವಳೇ.

"ಎಲ್ಲರೂ ನಿನ್ನ ಹೊಗಳ್ತಿದ್ದಾರೆ ಕಣೇ! ನೀನು ನೋಡಿದ್ರೆ ಮುಖ ಊದಿಸ್ಕೊಂಡಿದ್ದೀಯ," ಹೊಲಿಗೆಯ ಹ್ವೆ ಅಕ್ಕ ಆಗಷ್ಟೇ ಕಾಲೆಳೆದಿದ್ದಳು. "ಆ ಒಬ್ಬ ಮೆಷಿನ್ ರಿಪೇರಿಯ ಖಿಯೆಮ್‌ಗೋಸ್ಕರವಾ?"

ಹೌದು, ಅವನಿಗೋಸ್ಕರವೇ!

'ತೆತ್‌ನ ಮೂರನೇ ದಿನ ನಿಮ್ಮನೆಗೆ ಬಂದು ಅಮ್ಮನ ಹತ್ರ ನಮ್ಮ ಮದುವೆ ಮಾತಾಡ್ತೀನಿ' ಅಂದಿದ್ದವನು ಬರಲೇ ಇಲ್ಲ. ಅಮ್ಮ ಮೊಟ್ಟೆ ಹಾಕಿ ಮಾಡಿದ್ದ ಹಂದಿಮಾಂಸ ಮೂರು ಸಲ ಬಿಸಿಯಾಯಿತು. ಒಂದು ಫೋನೂ ಇಲ್ಲ...

"ರಾಜೀನಾಮೆ ಕೊಡೋಕೆ ಬಂದ್ಯಾ? ಕೊಡು, ನಾನೇ ಆಫೀಸಿಗೆ ಮುಟ್ಟಿಸ್ತೀನಿ!"

"ಇಲ್ಲ ಲುವಾ... ನೀವೆಲ್ಲ ಹೋಗಿ. ನಾನು ಕೊನೇಲಿ ಬರ್ತೀನಿ."

"ಯಾಕೆ, ನನ್ನ ಜೊತೆ ಬರೋಕೂ ನಾಚಿಕೆನಾ?"

ಆಗ ಅವನು ಅವಳತ್ತ ತಿರುಗಿದ. ಅಂಗಿಯ ಜೇಬಿನ ಮೇಲೆ ಸೂತಕದ ಗುರುತಿನ ಕಪ್ಪು ಬಟ್ಟೆಯ ಪುಟ್ಟ ತುಂಡು ಪಿನ್ ಮಾಡಿತ್ತು.

"ಯಾರು...?"

"ಅಪ್ಪ. ಹಬ್ಬಕ್ಕೆ ಎರಡು ದಿನ ಇದ್ದಾಗ ಹೋಗ್ಬಿಟ್ರು." ಅವನು ಆ ಬಟ್ಟೆತುಂಡನ್ನು ಮುಟ್ಟಿಕೊಂಡ. "ಸೂತಕದವನು ಹಬ್ಬದಲ್ಲಿ ನಿಮ್ಮನೆ ಹೊಸ್ತಿಲು ಹೇಗೆ ದಾಟಲಿ? ಅಂಥ ದಿನ ಸಾವಿನ ಸುದ್ದಿ ಹೇಗೆ ಹೇಳಲಿ? ನಿನಗೆ ಏನಾದ್ರೂ ಆದ್ರೆ ಅಂತ ಭಯ..."

"ಅಯ್ಯೋ ಪೆದ್ದ! ಒಬ್ಬನೇ ಅತ್ಕೊಂಡಿದ್ಯಾ?"

ಇಷ್ಟು ದಿನ ಅವನಿಗೆ ಹಾಕಿದ ಶಾಪವೆಲ್ಲ ನೆನಪಾಗಿ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಕಣ್ಣು ತುಂಬಿತು.

ಅಷ್ಟರಲ್ಲಿ ಕಾರ್ಖಾನೆ ಬಾಗಿಲು ತೆರೆಯುವ ಡೋಲು ಬಾರಿಸಿದರು! ವರ್ಷದ ಮೊದಲ ಕೆಲಸದ ದಿನ ಕಾಲ್ಗುಣ ಚೆನ್ನಾಗಿರುವ ಒಬ್ಬರನ್ನು ಲೀಡರ್ ಮೊದಲು ಒಳಗೆ ಕಳಿಸುವುದು ಅಲ್ಲಿನ ವಾಡಿಕೆ. ಲುವಾ ಖಿಯೆಮ್‌ನ ಕೈ ಹಿಡಿದು ಎಳೆದಳು.

"ಬೇಡ ಲುವಾ! ನನ್ನಿಂದ ಲೈನಿಗೇ ಕೇಡು ಅಂತಾರೆ!"

ಗುಂಪಿನಲ್ಲಿ ಗುಸುಗುಸು ಎದ್ದಿತು. ತನ್ನನ್ನು ನಂಬಿ ಬಂದ ಜನ ಇದೇ ಕಾರಣಕ್ಕೆ ಕೈಬಿಟ್ಟುಹೋದರೆ? ಆದರೂ ಲುವಾ ಅವನ ಕೈ ಬಿಡಲಿಲ್ಲ.

"ಯಾರ್ರೀ ಕೇಡು ಅನ್ನೋರು?" ಹ್ವೆ ಅಕ್ಕ ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದಳು. "ಲಾಕ್‌ಡೌನಲ್ಲಿ ನನ್ನ ಗಂಡ ಹೋದಾಗ ನಾನೂ ಸೂತಕದವಳೇ. ಹದಿನೈದು ದಿನ ನನ್ನ ಮೆಷಿನ್ ಮುಂದೆ ಕೂತು ನನ್ನ ಪಾಲಿನ ಕೆಲ್ಸ ಮಾಡಿದ್ದು ಯಾರು? ಈ ಹುಡುಗ! ಇವನೇ ಮೊದಲು ಹೋಗ್ಲಿ. ಇಷ್ಟ ಇಲ್ದೋರು ಊರಿನ ಬಸ್ ಹತ್ತಿ!"

ಯಾರೂ ಬಸ್ ಹತ್ತಲಿಲ್ಲ. ಹಿಂದಿನಿಂದ ಯಾರೋ ಚಪ್ಪಾಳೆ ಹೊಡೆದರು. ಮರುಕ್ಷಣ ಎಲ್ಲರೂ ಹೊಡೆದರು!

ಬಾಗಿಲಲ್ಲಿ ಖಿಯೆಮ್ ತಡೆದು ನಿಂತ.

"ಏನಾದ್ರೂ ಕೆಟ್ಟದಾದ್ರೆ ಬೈಬೇಡ ಮತ್ತೆ..."

"ಬೈತೀನಿ. ದಿನಾ ಬೈತೀನಿ. ಕೇಳಿಸ್ಕೊಂಡು ನನ್ನ ಜೊತೇನೇ ಇರ್ತೀಯಾ?"

"ಇರ್ತೀನಿ ಲುವಾ. ನಿನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?"